ತೆರೆದ ಬಾಗಿಲು, ಬೀಗ ಹಾಕಿದ ಬೀರು

ನಾನು ಓದಿದ ಹಳ್ಳಿಯ ಪ್ರೌಢಶಾಲೆಯಲ್ಲಿ ಒಂದು ಗ್ರಂಥಾಲಯವಿತ್ತು. ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿದ್ದ, ಗಾಜಿನ ಬಾಗಿಲಿನ ಒಂದು ಬೀರು. ಅದರೊಳಗಿದ್ದ ಇನ್ನೂರು ಚಿಲ್ಲರೆ ಪುಸ್ತಕಗಳ ಹೆಸರುಗಳನ್ನು ನಾವು ಗಾಜಿನ ಹೊರಗೆ ನಿಂತು ಓದಬಹುದಾಗಿತ್ತು. ಬೀಗದ ಕೈ ಮಾತ್ರ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿರುತ್ತಿತ್ತು. ಕೇಳಿದವರಿಗೆ ಅವರು ಎಂದೂ ಇಲ್ಲವೆಂದವರಲ್ಲ. 'ಇವತ್ತು ಬೇಡ, ಪರೀಕ್ಷೆ ಮುಗಿಯಲಿ' ಎನ್ನುತ್ತಿದ್ದರು. ಪರೀಕ್ಷೆ ಮುಗಿದಾಗ ಶಾಲೆಯೂ ಮುಗಿದಿರುತ್ತಿತ್ತು. ಅವರನ್ನು ದೂರುವುದು ಸರಿಯಲ್ಲ. ಪುಸ್ತಕವೊಂದು ಕಳೆದರೆ ಲೆಕ್ಕ ತಪಾಸಣೆಯ ಹೊತ್ತಿಗೆ ಉತ್ತರ ಹೇಳಬೇಕಾದವರು ಅವರೇ. ಪುಸ್ತಕವನ್ನು ಯಾರೂ ಓದದಿದ್ದರೆ ಯಾವ ತಪಾಸಣೆಯೂ ಕೇಳುತ್ತಿರಲಿಲ್ಲ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಇಷ್ಟು ಸರಳವಾದ ಮಾತನ್ನು ಸೂತ್ರವಾಗಿಸುವ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ಅವರೇ ಚರಿತ್ರೆಯಿಂದ ಉತ್ತರ ಕೊಡುತ್ತಾರೆ. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ರಂಗನಾಥನ್ ಅವರು ಮುಕ್ತ ಪ್ರವೇಶ ಎಂಬ ಮಾತನ್ನು ಬಳಸುತ್ತಿದ್ದುದು ಓದುಗನು ತಾನೇ ಕಪಾಟಿನ ಬಳಿಗೆ ಹೋಗಿ, ಪುಸ್ತಕವನ್ನು ಕೈಗೆತ್ತಿಕೊಂಡು, ಹಾಳೆ ತಿರುವಿ ನೋಡುವ ಏರ್ಪಾಡಿಗೆ. ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ಮೊದಲ ಸೂತ್ರ ನಮ್ಮ ಶಾಲೆಯ ಬೀರುವಿನವರೆಗೆ ತಲುಪಿರಲಿಲ್ಲ ಎಂಬುದು ಬೇರೆ ಮಾತು.

ಇಂದು 'ಮುಕ್ತ' ಎಂಬ ವಿಶೇಷಣ ಎಲ್ಲೆಡೆ ಕೇಳಿಬರುತ್ತಿದೆ. ಮುಕ್ತ ವಿಶ್ವವಿದ್ಯಾಲಯ, ಮುಕ್ತ ಶಿಕ್ಷಣ, ಮುಕ್ತ ಪಠ್ಯ, ಮುಕ್ತ ಜ್ಞಾನ. ಒಂದೇ ಪದವನ್ನು ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಸುತ್ತಿದ್ದೇವೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಮೊದಲನೆಯದು ಪ್ರವೇಶದ ಮುಕ್ತತೆ. 1969ರಲ್ಲಿ ಬ್ರಿಟನ್ನಿನಲ್ಲಿ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಹಿಂದಿನ ಪರೀಕ್ಷೆಗಳ ಅಂಕಪಟ್ಟಿ ಇಲ್ಲದವರಿಗೂ ಪದವಿಯ ಬಾಗಿಲು ತೆರೆಯಿತು. ಅದೇ ಹಾದಿಯಲ್ಲಿ 1985ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಕಾಲೇಜನ್ನು ಅರ್ಧಕ್ಕೆ ಬಿಟ್ಟ ಗೃಹಿಣಿಯರು, ಗುಮಾಸ್ತರು, ಪೊಲೀಸ್ ಪೇದೆಗಳು ಪದವೀಧರರಾಗಲು ಇದರಿಂದ ಸಾಧ್ಯವಾಯಿತು. ಎರಡನೆಯದು ಬೆಲೆಯ ಮುಕ್ತತೆ. 2001ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ತನ್ನ ಪಠ್ಯಕ್ರಮಗಳ ಸಾಮಗ್ರಿಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇಡುವುದಾಗಿ ಘೋಷಿಸಿತು. ನಮ್ಮ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದವು. 2012ರ ಹೊತ್ತಿಗೆ ಸಾವಿರಾರು ಜನ ಒಟ್ಟಿಗೆ ಕೂತು ಕೇಳುವ ಅಂತರಜಾಲ ಪಾಠಗಳ ಸುಗ್ಗಿಯೇ ಬಂತು. ಅವುಗಳಲ್ಲಿ ಹಲವು ಮುಂದೆ ಪ್ರಮಾಣಪತ್ರಕ್ಕೂ ಬಳಿಕ ಪಾಠಕ್ಕೂ ಹಣ ಕೇಳತೊಡಗಿದವು.

ಮೂರನೆಯ ಅರ್ಥ ಇವೆರಡಕ್ಕಿಂತ ಆಳವಾದುದು. ಪಡೆದುದನ್ನು ಇಟ್ಟುಕೊಳ್ಳುವ, ಬಳಸುವ, ತಿದ್ದುವ, ಬೇರೆಯದರೊಡನೆ ಬೆರೆಸುವ, ಮತ್ತೊಬ್ಬರಿಗೆ ಹಂಚುವ ಸ್ವಾತಂತ್ರ್ಯ. ಯುನೆಸ್ಕೊ 2002ರಲ್ಲಿ ಕರೆದ ಸಭೆಯೊಂದರಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಚಾಲ್ತಿಗೆ ಬಂತು. ಅದೇ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ಶಿಫಾರಸು, ಉಚಿತವಾಗಿ ಸಿಗುವುದರ ಜೊತೆಗೆ ಮಾರ್ಪಡಿಸುವ ಮತ್ತು ಮರುಹಂಚುವ ಅನುಮತಿಯೂ ಇರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ಮೂರನೆಯ ಅರ್ಥವನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ನನ್ನ ತಪ್ಪಿನಿಂದ ಕಲಿತೆ.

ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಈ ವಿದ್ಯಾರ್ಥಿಗಳ ಕಷ್ಟ ಬಲ್ಲವರೇ ಬಲ್ಲರು. ಒಳ್ಳೆಯ ಆಕರ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಿಗುವುದು ಬಹುಪಾಲು ಪರೀಕ್ಷೆಗೆ ಮುನ್ನ ಮಾರಾಟವಾಗುವ ಗೈಡುಗಳು. ಆದ್ದರಿಂದ ನಾನೇ ವರ್ಷಗಟ್ಟಲೆ ಕೂತು ಸುಮಾರು ನೂರೆಂಬತ್ತು ಪುಟಗಳ ಟಿಪ್ಪಣಿ ಸಿದ್ಧಪಡಿಸಿದೆ. ಅದನ್ನು ಪಿಡಿಎಫ್ ಮಾಡಿ, ಯಾರೂ ನಕಲು ಮಾಡದಂತೆ ಗುಪ್ತಪದದ ಕಾವಲಿಟ್ಟು, ಕೇಳಿದವರಿಗೆಲ್ಲ ಉಚಿತವಾಗಿ ಕೊಟ್ಟೆ. ಬೇರೆ ಊರುಗಳ ಕಾಲೇಜುಗಳಲ್ಲೂ ಅದನ್ನು ಓದುತ್ತಿದ್ದಾರೆಂದು ತಿಳಿದಾಗ ಹೆಮ್ಮೆಪಟ್ಟೆ. ನಾನು ಜ್ಞಾನವನ್ನು ಮುಕ್ತವಾಗಿ ಹಂಚುತ್ತಿದ್ದೇನೆ ಎಂದೇ ನಂಬಿದ್ದೆ.

ರಾಮನಗರ ಕಡೆಯ ಕಿರಿಯ ಅಧ್ಯಾಪಕರೊಬ್ಬರು ಒಮ್ಮೆ ದೂರವಾಣಿ ಮಾಡಿ, ಮೂಲ ಕಡತವನ್ನೇ ಕೊಡುತ್ತೀರಾ ಎಂದು ಕೇಳಿದರು. ಕೆಲವು ಅಧ್ಯಾಯಗಳನ್ನು ಹೊಸದಾಗಿ ಬರೆದು ಸೇರಿಸಬೇಕು, ಉದಾಹರಣೆಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಹೊಂದುವಂತೆ ಬದಲಿಸಬೇಕು ಎಂಬುದು ಅವರ ಇಚ್ಛೆ. ನನಗೆ ಒಳಗೊಳಗೇ ಸಿಟ್ಟು ಬಂತು. 'ಇದ್ದ ಹಾಗೇ ಹಂಚಿ, ನನ್ನ ಅಭ್ಯಂತರವಿಲ್ಲ. ತಿದ್ದುವುದು ಮಾತ್ರ ಬೇಡ' ಎಂದೆ. ಅವರು 'ಆಗಲಿ ಸಾರ್' ಎಂದು ಮಾತು ಮುಗಿಸಿದರು.

ಅದಾಗಿ ಎರಡು ವರ್ಷಗಳ ಮೇಲೆ ನಮ್ಮದೇ ಕಾಲೇಜಿಗೆ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ಸೇರಿದ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವನು ಕಂಪ್ಯೂಟರಿನಲ್ಲಿ ಓದುತ್ತಿದ್ದ. ಒಂದು ದಿನ ನನ್ನ ಬಳಿ ಬಂದು, 'ಸಾರ್, ನಿಮ್ಮ ನೋಟ್ಸು ಏನೇನೋ ಓದ್ತಿದೆ. ಬೇರೆ ಪ್ರತಿ ಇದೆಯಾ?' ಎಂದ. ಅವನ ಇಯರ್‌ಫೋನನ್ನು ಕಿವಿಗಿಟ್ಟು ಕೇಳಿದೆ. ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಅರ್ಥಹೀನ ಸದ್ದುಗಳು. ನಾನು ಬಳಸಿದ್ದುದು ಯೂನಿಕೋಡ್ ಬರುವುದಕ್ಕೆ ಮುಂಚಿನ ಬಗೆಯ ಅಕ್ಷರಶೈಲಿ. ಅಂಥ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವೇ ಆದರೂ, ಒಳಗೆ ಕಂಪ್ಯೂಟರು ದಾಖಲಿಸಿಕೊಳ್ಳುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರವನ್ನು. ಅದರ ಮೇಲೆ ನನ್ನ ಗುಪ್ತಪದದ ಬೀಗ ಬೇರೆ. ಯಾರಾದರೂ ಪರಿವರ್ತಿಸಿಕೊಡಲು ಮನಸ್ಸು ಮಾಡಿದರೂ ಸಾಧ್ಯವಿರಲಿಲ್ಲ.

ಆಗ ನನಗೆ ಆ ಗಾಜಿನ ಬೀರು ನೆನಪಾಯಿತು. ನಾನು ಬಾಗಿಲು ತೆರೆದಿಟ್ಟಿದ್ದೆ, ಬೀಗದ ಕೈಯನ್ನು ಮಾತ್ರ ನನ್ನ ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದೆ.

ಆ ಹುಡುಗ ಬಳಸುತ್ತಿದ್ದ ತಂತ್ರಾಂಶದ ಹೆಸರು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಆರಂಭಿಸಿದರು. ಜೇಮ್ಸ್ ಟೆ ಅವರ ಜೊತೆಗೂಡಿದರು. ಇಬ್ಬರೂ ದೃಷ್ಟಿಯಿಲ್ಲದವರು. ಇಂಥ ತಂತ್ರಾಂಶಗಳ ದುಬಾರಿ ಬೆಲೆ ಕಂಡು ನೊಂದು ತಾವೇ ಒಂದನ್ನು ಬರೆದು, ಅದರ ಮೂಲ ಸಂಕೇತಗಳನ್ನು ಜಗತ್ತಿಗೆ ಬಿಟ್ಟುಕೊಟ್ಟರು. ಅದರೊಡನೆ ಬರುವ ಧ್ವನಿಯ ತಂತ್ರಾಂಶವೂ ಮುಕ್ತವಾದುದರಿಂದಲೇ ಕನ್ನಡದಂಥ ಭಾಷೆಗಳನ್ನು ಅದಕ್ಕೆ ಸೇರಿಸಲು ಸಾಧ್ಯವಾಯಿತು. ಕನ್ನಡ ತಿಳಿಯದ ಇಬ್ಬರು ಆಸ್ಟ್ರೇಲಿಯನ್ನರ ಕೆಲಸ ಆ ಹುಡುಗನಿಗೆ ಕನ್ನಡವನ್ನು ಓದಿ ಹೇಳುತ್ತಿತ್ತು. ಕನ್ನಡದಲ್ಲೇ ಬರೆದ ಅವನ ಮೇಷ್ಟ್ರ ಟಿಪ್ಪಣಿ ಅವನಿಗೆ ದಕ್ಕುತ್ತಿರಲಿಲ್ಲ. 2012ರ ತಿದ್ದುಪಡಿಯ ಮೂಲಕ ನಮ್ಮ ಕೃತಿಸ್ವಾಮ್ಯ ಕಾಯಿದೆ, ಅಂಗವಿಕಲರಿಗೆ ಬೇಕಾದ ರೂಪಕ್ಕೆ ಕೃತಿಗಳನ್ನು ಪರಿವರ್ತಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಇದೇ ಆಶಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ ಹೆಗ್ಗಳಿಕೆ ಭಾರತದ್ದು. ಕಾನೂನು ಕೊಟ್ಟ ವರವನ್ನು ಕಡತದ ರೂಪ ಕಿತ್ತುಕೊಂಡಿತ್ತು.

ನಮ್ಮಲ್ಲಿ ಮೌನವೆಂದರೆ ಸಮ್ಮತಿಯ ಲಕ್ಷಣ. ಕೃತಿಸ್ವಾಮ್ಯದ ಲೋಕದಲ್ಲಿ ಮೌನವೆಂದರೆ ನಿರಾಕರಣೆ. 1957ರ ಕಾಯಿದೆಯ ಪ್ರಕಾರ, ಬರೆದ ಕ್ಷಣದಿಂದಲೇ ಬರಹದ ಮೇಲೆ ಬರೆದವನ ಹಕ್ಕು ಸ್ಥಾಪಿತವಾಗುತ್ತದೆ. ನೋಂದಣಿ ಬೇಡ, ಎಚ್ಚರಿಕೆಯ ಸಾಲೂ ಬೇಡ. ಲೇಖಕನ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಅದು ಮುಂದುವರಿಯುತ್ತದೆ. ಮೊದಲು 50 ವರ್ಷವಿದ್ದ ಈ ಅವಧಿಯನ್ನು, ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಸಂದರ್ಭ ಬಂದಾಗ, 1992ರಲ್ಲಿ 60ಕ್ಕೆ ಏರಿಸಲಾಯಿತು. ಹೀಗಾಗಿ ಅಧ್ಯಾಪಕನೊಬ್ಬ ಹಂಚಿಕೊಳ್ಳಲು ಸಿದ್ಧನಿದ್ದು ಏನನ್ನೂ ಹೇಳದೆ ಸುಮ್ಮನಿದ್ದರೆ, ಅವನ ಪಾಠವನ್ನು ತಿದ್ದಿ ಹಂಚುವವರು ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥರಾಗಬಹುದು. ಈ ಮೌನವನ್ನು ಮುರಿಯುವ ಸಾಧನವೇ ಮುಕ್ತ ಪರವಾನಗಿ. 2002ರಲ್ಲಿ ಹೊರಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಳಸುವವರಿಗೆ ನಾಲ್ಕಾರು ಸರಳ ಷರತ್ತುಗಳನ್ನು ಮುಂದಿಡುತ್ತವೆ. ನನ್ನ ಹೆಸರು ಹೇಳಿ. ಬೇಕಿದ್ದರೆ ತಿದ್ದಿ. ತಿದ್ದಿದ್ದನ್ನು ಇದೇ ಷರತ್ತಿನಲ್ಲಿ ಇತರರಿಗೂ ಕೊಡಿ. ಲೇಖಕ ತನ್ನ ಹಕ್ಕನ್ನು ಬಿಟ್ಟುಕೊಡುವುದಿಲ್ಲ, ಅದರ ಒಂದು ಭಾಗವನ್ನು ಮುಂಚಿತವಾಗಿಯೇ ಎಲ್ಲರಿಗೂ ಅನುಗ್ರಹಿಸುತ್ತಾನೆ.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿಗಳಿಲ್ಲದಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ವಿದ್ವಾಂಸರು ದಶಕಗಳ ಕಾಲ ದುಡಿದು ಬರೆದ ಲೇಖನಗಳು ಗ್ರಂಥಾಲಯಗಳ ದಪ್ಪ ಸಂಪುಟಗಳಿಂದ ಹೊರಬಂದು ವಿಕಿಪೀಡಿಯಾ ಮತ್ತು ವಿಕಿಸೋರ್ಸ್‌ಗಳಿಗೆ ಆಹಾರವಾದವು. ಅದೇ ವರ್ಷ ಕಾದಂಬರಿಕಾರ ನಿರಂಜನರ ಕೃತಿಗಳಿಗೂ ಅವರ ಕುಟುಂಬ ಇಂಥದೇ ಪರವಾನಗಿ ಕೊಟ್ಟಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು. ಇನ್ನೂ ಹಿಂದಕ್ಕೆ ಹೋದರೆ ಫ.ಗು. ಹಳಕಟ್ಟಿಯವರಿದ್ದಾರೆ. ವಚನಗಳ ತಾಳೆಗರಿಗಳು ಮನೆಮನೆಗಳ ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಾಲದಲ್ಲಿ, ವಿಜಾಪುರದ ಈ ವಕೀಲರು ಊರೂರು ಸುತ್ತಿ ಅವುಗಳನ್ನು ಸಂಗ್ರಹಿಸಿ, 1923ರಿಂದ ಮುದ್ರಿಸತೊಡಗಿದರು. ಪೂಜೆಗೊಳ್ಳುತ್ತಿದ್ದ ವಚನಗಳು ಹೀಗೆ ಓದಿಗೆ ಬಂದವು. ಪರವಾನಗಿಯ ಭಾಷೆ ಹಳಕಟ್ಟಿಯವರಿಗೆ ಗೊತ್ತಿರಲಿಲ್ಲ, ಅದರ ಆಶಯ ಮಾತ್ರ ಚೆನ್ನಾಗಿ ಗೊತ್ತಿತ್ತು.

ಪ್ರತಿಯೊಂದನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ಮೇಲುನೋಟಕ್ಕೆ ಸಣ್ಣದೆನಿಸಬಹುದು. ಈ ಶತಮಾನದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆ ಲಕ್ಷಾಂತರ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಕನ್ನಡದ ಎಷ್ಟೋ ಅಲಭ್ಯ ಗ್ರಂಥಗಳು ಅದರಲ್ಲಿದ್ದವು. ಕೆಲವು ವರ್ಷಗಳ ಬಳಿಕ ಆ ಮೂಲ ತಾಣ ಓದುಗರ ಕೈಗೆ ಸಿಗದಂತಾಯಿತು. ಇಂದಿಗೂ ಆ ಪುಸ್ತಕಗಳು ನಮಗೆ ಸಿಗುತ್ತಿದ್ದರೆ, ಅದು ಅವುಗಳನ್ನು ಮೊದಲೇ ಪ್ರತಿ ಮಾಡಿ ಇಂಟರ್‌ನೆಟ್ ಆರ್ಕೈವ್‌ನಲ್ಲಿಟ್ಟವರ ಪುಣ್ಯದಿಂದ. ಒಂದೇ ಕಡೆ ಇಟ್ಟ ಜ್ಞಾನ, ಅದು ಎಷ್ಟೇ ಉಚಿತವಾಗಿರಲಿ, ಒಂದೇ ಬೀಗಕ್ಕೆ ಬಲಿಯಾಗಬಲ್ಲದು.

ಈ ಹಿನ್ನೆಲೆಯಲ್ಲಿ 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯನ್ನು ನೋಡಬೇಕು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ಸುಮಾರು 6,300 ಸರ್ಕಾರಿ ಸಂಸ್ಥೆಗಳಿಗೆ ಒದಗಿಸುವ ಯೋಜನೆಯಿದು. ಸಣ್ಣ ಊರಿನ ಸರ್ಕಾರಿ ಕಾಲೇಜಿಗೂ ದೊಡ್ಡ ಸಂಸ್ಥೆಗೂ ಒಂದೇ ಬಗೆಯ ಅವಕಾಶ ದೊರಕಿಸುವ ಉದ್ದೇಶ ಒಳ್ಳೆಯದೇ. ಆದರೆ ಇದು ಬಾಡಿಗೆಯ ಮನೆ. ಚಂದಾ ನಿಂತ ದಿನ ಬಾಗಿಲು ಮುಚ್ಚುತ್ತದೆ. ನಿವೃತ್ತ ವಿಜ್ಞಾನಿ, ಸ್ವತಂತ್ರ ಸಂಶೋಧಕ, ರೋಗದ ಬಗ್ಗೆ ತಿಳಿಯಬಯಸುವ ನಾಗರಿಕ, ಇವರ್‍ಯಾರೂ ಅದರ ಒಳಗಿಲ್ಲ. ನಮ್ಮ ತೆರಿಗೆಯ ಹಣದಲ್ಲಿ ನಡೆದ ಸಂಶೋಧನೆಯನ್ನು ನಾವೇ ಮತ್ತೆ ಹಣ ಕೊಟ್ಟು ಓದುವ ವಿಚಿತ್ರವೂ ಅಲ್ಲಿ ಉಳಿದೇ ಇದೆ. ಬೇರೆ ದಾರಿ ಬೆಂಗಳೂರಿನಲ್ಲೇ ಇದೆ. ಇಲ್ಲಿನ ಭಾರತೀಯ ವಿಜ್ಞಾನ ಅಕಾಡೆಮಿ 1990ರ ದಶಕದ ಕೊನೆಯಲ್ಲೇ ತನ್ನ ಪತ್ರಿಕೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಡಲಾರಂಭಿಸಿತು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ವಿಜ್ಞಾನಿಗಳ ಪ್ರಬಂಧಗಳಿಗಾಗಿ ಮುಕ್ತ ಭಂಡಾರವೊಂದನ್ನು ತೆರೆಯಿತು.

ಮುಕ್ತತೆಯ ಬಗ್ಗೆ ಆಕ್ಷೇಪಗಳೂ ಇವೆ, ಅವು ಹಗುರವಾದವಲ್ಲ. ಪುಸ್ತಕದಿಂದಲೇ ಬದುಕುವ ಲೇಖಕನ, ಸಣ್ಣ ಪ್ರಕಾಶಕನ ಗತಿಯೇನು? ಅವರ ಅನ್ನಕ್ಕೆ ಕಲ್ಲು ಹಾಕುವ ಮಾತನ್ನು ಯಾರೂ ಆಡಬಾರದು. ಮುಕ್ತ ಪರವಾನಗಿ ಎಂಬುದು ಲೇಖಕ ತಾನಾಗಿ ಕೊಡುವಂಥದು, ಅವನಿಂದ ಕಿತ್ತುಕೊಳ್ಳುವಂಥದಲ್ಲ. ನನ್ನ ವಾದವಿರುವುದು ಸಂಬಳ ಪಡೆದು ಬರೆದವರ, ಸಾರ್ವಜನಿಕ ಹಣದಲ್ಲಿ ಸಿದ್ಧವಾದ ಬರಹಗಳ ಕುರಿತು. ನನ್ನ ಟಿಪ್ಪಣಿಗಳ ಬೆಲೆಯನ್ನು ಸಮಾಜ ಪ್ರತಿ ತಿಂಗಳೂ ನನಗೆ ಕೊಟ್ಟಿತ್ತು. ಇನ್ನು ವಿದ್ಯಾರ್ಥಿಗಳ ಅಗತ್ಯದ ಮಾತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ವಿರುದ್ಧ ದೊಡ್ಡ ಪ್ರಕಾಶಕರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2016ರಲ್ಲಿ ದೆಹಲಿ ಹೈಕೋರ್ಟು ಬೋಧನೆಗಾಗಿ ಮಾಡುವ ಪ್ರತಿಗಳಿಗೆ ಕಾಯಿದೆಯಲ್ಲೇ ಅವಕಾಶವಿದೆಯೆಂದು ಎತ್ತಿಹಿಡಿಯಿತು. ಪ್ರಕಾಶಕರು ಮರುವರ್ಷ ಮೊಕದ್ದಮೆಯಿಂದ ಹಿಂದೆ ಸರಿದರು.

ಎರಡನೆಯ ಆಕ್ಷೇಪ, ಮುಕ್ತವಾಗಿ ಬಿಟ್ಟದ್ದನ್ನು ದೊಡ್ಡ ಕಂಪನಿಗಳು ಬಾಚಿಕೊಂಡು ತಮ್ಮ ಲಾಭಕ್ಕೆ ಬಳಸುತ್ತವೆ ಎಂಬುದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಕಂಡ ಬರಹವನ್ನೆಲ್ಲ ನುಂಗುತ್ತಿರುವ ಈ ದಿನಗಳಲ್ಲಿ ಇದು ನಿಜವಾದ ಆತಂಕ. ಅದೇ ಷರತ್ತಿನಲ್ಲಿ ಹಂಚಬೇಕೆಂಬ ಪರವಾನಗಿ ಇದಕ್ಕೆ ಒಂದು ಮಟ್ಟದ ತಡೆಯಾದೀತೇ ಹೊರತು ಪೂರ್ತಿ ರಕ್ಷೆಯಾಗದು. ಆದರೆ ಕಳ್ಳನ ಭಯದಿಂದ ಕೆರೆಗೆ ಬೇಲಿ ಹಾಕಿದರೆ ಬಾಯಾರಿದ ಊರಿನವರೂ ಹೊರಗೇ ಉಳಿಯುತ್ತಾರೆ. ಮೂರನೆಯದು, ತಿದ್ದಲು ಬಿಟ್ಟರೆ ಕೆಡಿಸುತ್ತಾರೆ ಎಂಬ ಭಯ. ನನ್ನಲ್ಲಿದ್ದುದೂ ಅದೇ ಭಯ. ಅದಕ್ಕೆ ಉತ್ತರವನ್ನು ಆ ಕಿರಿಯ ಅಧ್ಯಾಪಕರೇ ಕೊಟ್ಟರು.

ಹುಡುಗನ ಇಯರ್‌ಫೋನಿನಲ್ಲಿ ಆ ಸದ್ದು ಕೇಳಿದ ವಾರವೇ ನಾನು ಅವರಿಗೆ ಫೋನು ಮಾಡಿ, ನಾಚಿಕೆ ಬಿಟ್ಟು, ಮೂಲ ಕಡತವನ್ನು ಕಳಿಸುವುದಾಗಿ ಹೇಳಿದೆ. ಅವರೂ ಅವರ ವಿದ್ಯಾರ್ಥಿಗಳೂ ಸೇರಿ ಎರಡು ತಿಂಗಳಲ್ಲಿ ಅಷ್ಟನ್ನೂ ಯೂನಿಕೋಡಿಗೆ ತಂದರು. ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿದರು. ಜೊತೆಗೆ ನನ್ನ ತಪ್ಪುಗಳ ಪಟ್ಟಿಯೊಂದನ್ನೂ ವಿನಯದಿಂದಲೇ ಕಳಿಸಿದರು. ಯೋಜನಾ ಆಯೋಗ ಹೋಗಿ 2015ರಲ್ಲಿ ನೀತಿ ಆಯೋಗ ಬಂದಿದ್ದರೂ ನನ್ನ ಟಿಪ್ಪಣಿಯಲ್ಲಿ ಯೋಜನಾ ಆಯೋಗ ಇನ್ನೂ ಕೆಲಸ ಮಾಡುತ್ತಿತ್ತು. 2017ರಲ್ಲಿ ಜಿಎಸ್‌ಟಿ ಜಾರಿಯಾಗಿದ್ದರೂ ನಾನು ಹಳೆಯ ತೆರಿಗೆಗಳನ್ನೇ ವಿವರಿಸುತ್ತಿದ್ದೆ. ತಿದ್ದಿದರೆ ಕೆಡುತ್ತದೆಂದು ನಾನು ಕಾಪಾಡಿಕೊಂಡು ಬಂದ ಬರಹ, ತಿದ್ದದೇ ಇದ್ದುದರಿಂದ ಕೆಟ್ಟಿತ್ತು. ವರ್ಷಗಳ ಕಾಲ ಬೇರೆ ಬೇರೆ ಊರುಗಳ ಮಕ್ಕಳು ಅದನ್ನೇ ಉರು ಹೊಡೆದು ಪರೀಕ್ಷೆ ಬರೆದಿದ್ದರು.

ಬದಲಿ ಸರಕುಗಳ ಪಾಠಕ್ಕೆ ನಾನು ಕೊಟ್ಟಿದ್ದ ಉದಾಹರಣೆ, ಎಲ್ಲ ಪುಸ್ತಕಗಳಲ್ಲೂ ಇರುವ ಕಾಫಿ ಮತ್ತು ಟೀ. ಅವರು ಅದರ ಜಾಗದಲ್ಲಿ ರಾಗಿಯನ್ನೂ ಅಕ್ಕಿಯನ್ನೂ ತಂದಿದ್ದರು. ಪಡಿತರದ ಅಕ್ಕಿ ಅಗ್ಗವಾಗಿ ಸಿಕ್ಕಾಗ ರಾಗಿ ಕೊಳ್ಳುವುದು ಏನಾಗುತ್ತದೆ ಎಂಬ ಪ್ರಶ್ನೆಗೆ ತರಗತಿಯ ಪ್ರತಿ ಮಗುವಿನ ಮನೆಯಲ್ಲೂ ಉತ್ತರವಿತ್ತು. ಬೇಡಿಕೆ, ಪೂರೈಕೆ, ಬೆಲೆಯ ಏರಿಳಿತಗಳಿಗೆ ರೇಷ್ಮೆಗೂಡಿನ ಮಾರುಕಟ್ಟೆ ಬಂದಿತ್ತು. ಆ ಮಾರುಕಟ್ಟೆಯ ಬಗ್ಗೆ ನನಗಿಂತ ಅವರ ವಿದ್ಯಾರ್ಥಿಗಳಿಗೇ ಹೆಚ್ಚು ಗೊತ್ತಿತ್ತು. ಮುಕ್ತತೆಯೆಂದರೆ ಮೇಲಿನಿಂದ ಕೆಳಕ್ಕೆ ಹಂಚುವ ಪ್ರಸಾದವಲ್ಲ, ಎಲ್ಲರೂ ಬುತ್ತಿ ಬಿಚ್ಚಿ ಕೂರುವ ಊಟ ಎಂಬುದು ನನಗೆ ಮನದಟ್ಟಾದುದು ಆಗ.

ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಪ್ರಾಧಿಕಾರಗಳು ಸಾರ್ವಜನಿಕ ಹಣದಲ್ಲಿ ತಯಾರಿಸುವ ಪಠ್ಯಗಳಿಗೆ, ನಿಘಂಟುಗಳಿಗೆ, ಅನುವಾದಗಳಿಗೆ ಇಷ್ಟು ಸಾಕು: ಯೂನಿಕೋಡಿನಲ್ಲಿ ಬರೆದ ಪಠ್ಯ, ತಿದ್ದಲು ಬರುವ ಮೂಲ ಕಡತ, ಮೊದಲ ಪುಟದಲ್ಲಿ ಎರಡು ಸಾಲಿನ ಪರವಾನಗಿ. ಇದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ. ಬೀಗದ ಕೈಯನ್ನು ಖಾನೆಯಿಂದ ಹೊರತೆಗೆಯುವ ಮನಸ್ಸು ಬೇಕು.

ಆ ಹುಡುಗ ಹೊಸ ಪ್ರತಿಯನ್ನು ಓದಿ ಪರೀಕ್ಷೆ ಬರೆದ. ತೇರ್ಗಡೆಯಾದ ಮೇಲೆ ಒಂದು ದಿನ ಬಂದು, 'ಸಾರ್, ಮೂರನೇ ಅಧ್ಯಾಯದಲ್ಲಿ ಒಂದು ಕಡೆ ಲೆಕ್ಕ ತಪ್ಪಿದೆ' ಎಂದ. ಕೂತು ನೋಡಿದೆವು. ತಪ್ಪಿತ್ತು. ತಿದ್ದಿದೆವು.